ಪಕ್ಕದ್ಮನೆ ಪಟಾಕಿ ನಮ್ಮ ಫೋನಿಗಿಂತ ಮುಂದೆ ಯಾಕೆ?

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಮ್ಯಾಚ್ ನೋಡುವಾಗ ಹುಟ್ಟಿದ ಜಗಳಗಳೇ. ಫೋನ್ ಸರಿಯಿಲ್ಲ, ಅಂಪೈರ್ ಸರಿಯಿಲ್ಲ, ಕಂಪ್ಯೂಟರಲ್ಲೇ ಏನೋ ಗೋಲ್‌ಮಾಲ್ ಇದೆ ಅಂತ ಎಲ್ಲರಿಗೂ ಯಾರನ್ನಾದರೂ ಬಯ್ಯಲೇಬೇಕು. ಕೂತು ನೋಡಿದರೆ ಜಾಸ್ತಿ ಪಾಲು ಕೆಲವು ಸೆಕೆಂಡು, ಕೆಲವು ಸೆಂಟಿಮೀಟರಿನ ಲೆಕ್ಕ ಅಷ್ಟೇ.

ಪ್ರಶ್ನೆ: 2025ರ ಐಪಿಎಲ್ ಫೈನಲ್ ದಿನ ನಾನು ಫೋನಲ್ಲಿ ನೋಡ್ತಿದ್ದೆ, ಪಕ್ಕದ ಮನೆಯವರು ಟಿವಿಯಲ್ಲಿ. ನನ್ನ ಫೋನಲ್ಲಿ ಕೊನೆ ಓವರ್ ಇನ್ನೂ ಶುರುವಾಗಿರಲಿಲ್ಲ, ಅವರು ಆಗಲೇ ಪಟಾಕಿ ಹಚ್ಚಿಬಿಟ್ಟರು. ಇಷ್ಟು ವರ್ಷ ಕಾದ ಕಪ್ ಗೆದ್ದಿದ್ದು ನನಗೆ ಗೊತ್ತಾಗಿದ್ದು ಪಟಾಕಿ ಸದ್ದಿಂದ! ನೆಟ್ ಚೆನ್ನಾಗೇ ಇತ್ತು. ಹೊಸ ಫೋನ್ ತಗೊಂಡರೆ ಸರಿಹೋಗುತ್ತಾ?
— ಆರ್‌ಸಿಬಿ ಅಭಿಮಾನಿ, ಮುಳಬಾಗಿಲು

ಉತ್ತರ: ದುಡ್ಡು ಉಳಿಸಿಕೊಳ್ಳಿ. ಎಷ್ಟು ಸಾವಿರದ ಫೋನ್ ತಂದರೂ ನಿಮ್ಮ ಪಕ್ಕದ ಮನೆಯವರೇ ಮೊದಲು ಕೂಗೋದು.

ಅವತ್ತು ಏನಾಯ್ತು ನೆನಪಿಸಿಕೊಳ್ಳಿ. ಪಂಜಾಬ್‌ಗೆ ಕೊನೆ ಓವರಲ್ಲಿ 29 ಬೇಕಿತ್ತು. ನಮ್ಮ ಬೌಲರ್ ಹೇಜಲ್‌ವುಡ್ ಮೊದಲ ಎರಡು ಬಾಲ್‌ಗೆ ಒಂದೂ ರನ್ ಕೊಡಲಿಲ್ಲ. ಉಳಿದ ನಾಲ್ಕಕ್ಕೆ ನಾಲ್ಕೂ ಸಿಕ್ಸ್ ಹೊಡೆದರೂ 24, ಅಲ್ಲಿಗೆ ಕಥೆ ಮುಗೀತು. ನೋಬಾಲು, ವೈಡು ಹಾಕದಿದ್ದರೆ ಸಾಕಿತ್ತು. ಆಮೇಲೆ ಪಂಜಾಬಿನ ಶಶಾಂಕ್ ಸಿಂಗ್ ಚಚ್ಚಿದ್ದೆಲ್ಲ ಸುಮ್ನೆ ಲೆಕ್ಕಕ್ಕೆ, 6 ರನ್ನಿಂದ ನಾವು ಗೆದ್ದೆವು. ಪಕ್ಕದವರು ಆ ಎರಡನೇ ಬಾಲ್ ಆದ ತಕ್ಷಣ ಪಟಾಕಿಗೆ ಕೈ ಹಾಕಿರಬೇಕು. ನಿಮ್ಮ ಫೋನಲ್ಲಿ ಆಗ ಫೀಲ್ಡರ್‌ಗಳು ಜಾಗ ಬದಲಾಯಿಸ್ತಾ ಇದ್ದರು.

ಡಿಶ್ ಟಿವಿಗೆ ಚಿತ್ರ ಬರೋದು ಉಪಗ್ರಹದಿಂದ. ಅದು ಸುಮಾರು 36 ಸಾವಿರ ಕಿಲೋಮೀಟರ್ ಮೇಲಿದೆ, ಆದರೂ ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರೋಕೆ ಕಾಲು ಸೆಕೆಂಡು ಸಾಕು. ಚಿತ್ರವನ್ನು ಕುಗ್ಗಿಸಿ ಕಳಿಸಿ ಮತ್ತೆ ಬಿಚ್ಚೋ ಕೆಲಸ ಸೇರಿದರೂ ಒಟ್ಟು ಕೆಲವೇ ಸೆಕೆಂಡು ತಡ. ಆಪ್‌ನ ದಾರಿಯೇ ಬೇರೆ. ಅಲ್ಲಿ ವಿಡಿಯೋ ನೀರಿನ ಹಾಗೆ ಹರಿದು ಬರಲ್ಲ, ನಿಮ್ಮ ಕೋಲಾರದ ಮಾರ್ಕೆಟಲ್ಲಿ ಟೊಮೇಟೊ ಕ್ರೇಟ್ ತುಂಬಿದ ಮೇಲೇ ಲಾರಿಗೆ ಏರೋ ಥರ ಕೆಲವು ಸೆಕೆಂಡಿನ ಆಟವನ್ನು ಒಂದು ತುಂಡು ಮಾಡಿ, ಆ ತುಂಡು ಪೂರ್ತಿಯಾದ ಮೇಲೆ ಕಳಿಸ್ತಾರೆ. ಅದೇ ತುಂಡನ್ನು ದೊಡ್ಡ ಟಿವಿಗೆ ಒಂದು ಸೈಜು, ಸಣ್ಣ ಫೋನಿಗೆ ಒಂದು, ನೆಟ್ ಕುಂಟೋರಿಗೆ ಇನ್ನೊಂದು ಅಂತ ನಾಲ್ಕಾರು ಥರ ಮಾಡಬೇಕು. ಅದು ಊರೂರಿನ ಸರ್ವರ್‌ಗಳಿಗೆ ಹೋಗಬೇಕು. ಇಷ್ಟೆಲ್ಲ ಆಗಿ ನಿಮ್ಮ ಕೈಗೆ ಬಂದ ಮೇಲೂ ಫೋನ್ ತಕ್ಷಣ ತೋರಿಸಲ್ಲ. ನಡುವೆ ನೆಟ್ ಹೋದರೆ ಚಿತ್ರ ನಿಂತುಬಿಡಬಾರದಲ್ವಾ, ಅದಕ್ಕೆ ಎರಡು ಮೂರು ತುಂಡು ಮುಂಗಡವಾಗಿ ಕೂಡಿಟ್ಟುಕೊಂಡು ಆಮೇಲೆ ಓಡಿಸುತ್ತೆ. ಹೀಗೆ ಅರ್ಧ ನಿಮಿಷ ಹೋಗೋದು ಮಾಮೂಲಿ.

ಅದನ್ನು ಕಡಿಮೆ ಮಾಡೋ ದಾರಿ ಇಲ್ಲದೇ ಏನಿಲ್ಲ, ಆದರೆ ಕೂಡಿಟ್ಟಿದ್ದು ಕಡಿಮೆಯಾದಷ್ಟೂ ಚಿತ್ರ ನಿಲ್ಲೋದು ಜಾಸ್ತಿ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ಲನ್ನು ಒಂದೇ ಆಪಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡ್ತಿದ್ದರು. ಅಷ್ಟು ಜನಕ್ಕೆ ಚಿತ್ರ ನಿಲ್ಲದಂತೆ ನೋಡಿಕೊಳ್ಳೋದೇ ಕಂಪನಿಗೆ ಮುಖ್ಯ, ನಿಮ್ಮ ಪಟಾಕಿ ಸಂಕಟ ಆಮೇಲೆ.

ಮಾಡಬಹುದಾದ್ದು ಎರಡು. ನಡುವೆ ಫೋನ್ ಬಂದು ಎದ್ದು ಹೋಗಿದ್ದರೆ ವಾಪಸ್ ಬಂದ ಮೇಲೆ ಪರದೆ ಮೇಲಿನ 'ಲೈವ್' ಗುಂಡಿ ಒತ್ತಿ, ಇಲ್ಲದಿದ್ದರೆ ಇನ್ನಷ್ಟು ಹಿಂದೆ ಉಳಿದಿರ್ತೀರಿ. ಸ್ಕೋರ್ ಆಪ್‌ಗಳ ನೋಟಿಫಿಕೇಶನ್ ಬಂದ್ ಮಾಡಿ. ಸ್ಕೋರ್ ಅಂದರೆ ನಾಲ್ಕು ಅಕ್ಷರ, ಅದು ವಿಡಿಯೋಗಿಂತ ಎಷ್ಟೋ ಮುಂಚೆ ಬಂದು ನಿಮ್ಮ ಮಜಾ ಹಾಳು ಮಾಡುತ್ತೆ. ಇನ್ನೂ ಸಮಾಧಾನ ಆಗಲಿಲ್ಲ ಅಂದರೆ ಪಕ್ಕದ ಮನೆಗೇ ಹೋಗಿ ಕೂತುಕೊಳ್ಳಿ.

ಪ್ರಶ್ನೆ: ಮಳೆ ಬಂದ ಕೂಡಲೇ ಡಿಶ್ ಹೋಗುತ್ತೆ, ಅದೂ ಸರಿಯಾಗಿ ಕೊನೇ ಓವರ್‌ಗೇ. ಒಮ್ಮೊಮ್ಮೆ ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಹೋಗುತ್ತೆ.
— ಗೃಹಿಣಿ, ಶಿರಾ

ಉತ್ತರ: ಕೊನೇ ಓವರ್‌ಗೇ ಹೋಗುತ್ತೆ ಅನ್ನೋದು ನಮ್ಮ ಹಣೆಬರಹ ಇರಬಹುದಮ್ಮ. ಮಿಕ್ಕಿದ್ದಕ್ಕೆ ಕಾರಣ ಇದೆ. ಡಿಶ್‌ಗೆ ಬರೋ ರೇಡಿಯೋ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಮಳೆಹನಿಗಳು ಇಂಥ ಅಲೆಯನ್ನು ಹೀರಿಕೊಳ್ತವೆ, ಅತ್ತಿತ್ತ ಚದುರಿಸ್ತವೆ. ನಮ್ಮ ಭಾಗದ ಡಿಶ್‌ಗಳು ನೋಡೋದು ಹೆಚ್ಚಾಗಿ ಆಗ್ನೇಯದ ಕಡೆಗೆ, ಅಂದರೆ ವಾಸ್ತು ನಂಬೋರು ಒಲೆ ಇಡೋ ಮೂಲೆ. ಆ ಕಡೆ ಒಂದೆರಡು ಕಿಲೋಮೀಟರಲ್ಲಿ ಜೋರು ಮಳೆ ಹಿಡಿದಿದ್ದರೆ ನಿಮ್ಮ ಅಂಗಳ ಒಣಗಿದ್ದರೂ ಚಿತ್ರ ಹೋಗಬಹುದು. ಹಳೇ ಆಂಟೆನಾ ಕಾಲದಲ್ಲಿ ಚುಕ್ಕೆ ಚುಕ್ಕೆಯಾಗಿಯಾದರೂ ಬಾಲ್ ಎಲ್ಲಿ ಹೋಯ್ತು ಅಂತ ಕಾಣ್ತಿತ್ತು, ಈಗಿನದು ಡಿಜಿಟಲ್, ಇದ್ದರೆ ಪೂರ್ತಿ ಇರುತ್ತೆ, ಹೋದರೆ ಪೂರ್ತಿ ಹೋಗುತ್ತೆ. ತುಂತುರಿಗೂ ಹೋಗ್ತಿದ್ದರೆ ಮಾತ್ರ ದೋಷ ನಿಮ್ಮ ಮನೆ ಮೇಲಿದೆ: ಗಾಳಿಗೆ ಡಿಶ್ ಸ್ವಲ್ಪ ತಿರುಗಿರಬಹುದು, ಕೇಬಲ್ ತುದಿಗೆ ನೀರು ಇಳಿದು ತುಕ್ಕು ಹಿಡಿದಿರಬಹುದು. ಬಿಸಿಲಿರೋ ದಿನವೇ ಸರಿ ಮಾಡಿಸಿ, ಮಳೆ ದಿನ ಹುಡುಗನನ್ನು ಮಾಳಿಗೆ ಹತ್ತಿಸಬೇಡಿ.

ಪ್ರಶ್ನೆ: ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ 100 ಮೀಟರ್ ಓಟಕ್ಕೆ ನಾವು ಮೂರು ಜನ ಫೋನಿನ ಸ್ಟಾಪ್‌ವಾಚ್ ಹಿಡಿದು ನಿಂತರೆ ಮೂರು ಟೈಮ್ ಬರುತ್ತೆ. ಪೋಷಕರು ಜಗಳಕ್ಕೆ ಬರ್ತಾರೆ. ಏನು ಮಾಡೋದು?
— ದೈಹಿಕ ಶಿಕ್ಷಕರು, ಚಿಂತಾಮಣಿ

ಉತ್ತರ: ಮೇಷ್ಟ್ರೇ, ಮೊದಲು ಒಂದು ವಿಷಯ ನೋಡಿ. ನಿಮ್ಮಲ್ಲಿ ಯಾರಾದರೂ ಸದ್ದು ಕೇಳಿ ಗುಂಡಿ ಒತ್ತುತ್ತಾ ಇದ್ದಾರಾ? ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ನೂರು ಮೀಟರ್ ಆಚೆ ನಿಂತ ನಿಮಗೆ ಕೇಳೋ ಹೊತ್ತಿಗೆ ಹತ್ತಿರ ಹತ್ತಿರ 0.3 ಸೆಕೆಂಡು ಕಳೆದಿರುತ್ತೆ. ಪೂರ್ತಿ ವೇಗದಲ್ಲಿರೋ ಒಳ್ಳೇ ಓಟಗಾರ ಅಷ್ಟು ಹೊತ್ತಲ್ಲಿ ಎರಡು ಮೀಟರಿಗಿಂತ ಜಾಸ್ತಿ ಓಡ್ತಾನೆ. ಅದಕ್ಕೇ ಪಿಸ್ತೂಲ್ ಇದ್ದರೆ ಹೊಗೆ ನೋಡಿ ಒತ್ತಬೇಕು, ಮರದ ಹಲಗೆ ಬಡಿಯೋದಾದರೆ ಎರಡು ಹಲಗೆ ಕೂಡಿದ್ದನ್ನು ನೋಡಿ ಒತ್ತಬೇಕು. ಸೀಟಿ ಊದಿದರೆ ಕಣ್ಣಿಗೆ ಏನೂ ಕಾಣಲ್ಲ, ಹಾಗಾಗಿ ಸೀಟಿ ಊದೋರ ಕೈಗೆ ಒಂದು ಬಾವುಟ ಕೊಡಿ. ದೊಡ್ಡ ಕೂಟಗಳಲ್ಲಿ ಓಟಗಾರರಿಗೇ ಈ ತೊಂದರೆ ಆಗಬಾರದು ಅಂತ ಪ್ರತಿ ಲೇನಿನ ಹಿಂದೆ ಒಂದೊಂದು ಸ್ಪೀಕರ್ ಇಟ್ಟಿರ್ತಾರೆ.

ಮೂರು ಸ್ಟಾಪ್‌ವಾಚ್ ಮೂರು ಟೈಮ್ ತೋರಿಸಿದರೆ ನಡುವಿನದು ತಗೋಬೇಕು, ಎರಡು ಒಂದೇ ಇದ್ದರೆ ಅದೇ ಲೆಕ್ಕ. ಕೈಯಿಂದ ತೆಗೆದ ಟೈಮಿಗೆ ನೂರರ ಭಾಗ ಬರೆಯೋ ಹಾಗಿಲ್ಲ: 12.31 ಬಂದರೆ 12.4 ಅಂತಲೇ ಬರೆಯಬೇಕು. ಫೋನ್ 12.31 ಅಂತ ತೋರಿಸುತ್ತೆ ಅಂದ ಮಾತ್ರಕ್ಕೆ ನಿಮ್ಮ ಹೆಬ್ಬೆರಳು ಅಷ್ಟು ಸೂಕ್ಷ್ಮ ಅಲ್ಲ. 1960ರ ರೋಮ್ ಒಲಿಂಪಿಕ್ಸಲ್ಲಿ ಮಿಲ್ಖಾ ಸಿಂಗ್ 400 ಮೀಟರ್ ಓಡಿದ್ದು ಕೈಯಿಂದ ಒತ್ತಿದ ಸ್ಟಾಪ್‌ವಾಚಲ್ಲಿ 45.6, ಯಂತ್ರದಲ್ಲಿ 45.73. ಅಲ್ಲೇ ಅಷ್ಟು ವ್ಯತ್ಯಾಸ ಇತ್ತು.

ಯಾರು ಮೊದಲು ಅನ್ನೋ ಜಗಳಕ್ಕೆ ಮಾತ್ರ ನಿಮ್ಮ ಫೋನ್ ನಿಜವಾಗಿ ಕೆಲಸಕ್ಕೆ ಬರುತ್ತೆ. ಸ್ಲೋ ಮೋಷನ್ ಹಾಕಿ. ಸೆಕೆಂಡಿಗೆ 240 ಚಿತ್ರ ತೆಗೆಯೋ ಫೋನ್ ಯಾವುದಾದರೂ ಮೇಷ್ಟ್ರ ಹತ್ತಿರ ಇದ್ದೇ ಇರುತ್ತೆ. ಕೈಲಿ ಹಿಡಿಯಬೇಡಿ, ಸುಣ್ಣದ ಗೆರೆಯ ನೇರಕ್ಕೆ ಪಕ್ಕದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಆಮೇಲೆ ಒಂದೊಂದೇ ಚಿತ್ರ ಸರಿಸಿ ನೋಡಿ. ತಲೆ, ಕೈ, ಕಾಲು ಯಾವುದೂ ಲೆಕ್ಕಕ್ಕಿಲ್ಲ, ಮುಂಡ ಗೆರೆಗೆ ಮುಟ್ಟಬೇಕು. 1984ರ ಆಗಸ್ಟ್ 8ರಂದು ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಲ್ಲಿ ಪಿ.ಟಿ. ಉಷಾಗೆ ಕಂಚು ತಪ್ಪಿದ್ದು ಇಲ್ಲೇ. ರೊಮೇನಿಯಾದ ಹುಡುಗಿ 55.41, ನಮ್ಮ ಉಷಾ 55.42. ಅಲ್ಲಿದ್ದ ಕ್ಯಾಮೆರಾ ಮೈದಾನ ನೋಡಲ್ಲ, ಆ ಗೆರೆ ಒಂದನ್ನೇ ಬಿಡದೆ ನೋಡ್ತಾ ಹೋಗುತ್ತೆ, ಆ ಸಣ್ಣ ಸೀಳುಗಳನ್ನು ಪಕ್ಕ ಪಕ್ಕ ಜೋಡಿಸಿದರೆ ಫೋಟೋ ಫಿನಿಶ್. ಎದೆ ಮುಂದೆ ಚಾಚಿ ಮುಗಿಸೋದನ್ನು ಮಕ್ಕಳಿಗೆ ಈಗಲೇ ಕಲಿಸಿ ಮೇಷ್ಟ್ರೇ, ಪೋಷಕರ ಜಗಳ ಆಮೇಲೆ ನೋಡಿಕೊಳ್ಳೋಣ.

ಪ್ರಶ್ನೆ: 'ಅಂಪೈರ್ಸ್ ಕಾಲ್' ಅಂದರೆ ಏನು ಸಾರ್? ಬಾಲು ಸ್ಟಂಪಿಗೆ ತಗಲುತ್ತೆ ಅಂತ ಕಂಪ್ಯೂಟರೇ ತೋರಿಸಿದರೂ ನಾಟೌಟ್. ಇದು ಮೋಸ ಅಲ್ವಾ? 2011ರಲ್ಲಿ ಸಚಿನ್‌ದೂ ಹಂಗೇ ಏನೋ ಮಾಡಿದ್ದರಂತೆ.
— ರೇಷ್ಮೆ ಗೂಡಿನ ವ್ಯಾಪಾರಿ, ಶಿಡ್ಲಘಟ್ಟ

ಉತ್ತರ: ಎರಡನ್ನೂ ಬೆರೆಸಬೇಡಿ. ಪ್ಯಾಡಿಗೆ ಬಡಿದ ಮೇಲೆ ಬಾಲು ಎಲ್ಲಿ ಹೋಗ್ತಿತ್ತು ಅಂತ ತೋರಿಸೋ ಆ ಬಣ್ಣದ ಗೆರೆ ನಡೆದ ಸಂಗತಿ ಅಲ್ಲ, ಅಂದಾಜು. ಸುತ್ತ ನೆಟ್ಟ ಕ್ಯಾಮೆರಾಗಳು ಅಲ್ಲಿವರೆಗಿನ ದಾರಿ ನೋಡಿ ಮುಂದಿನದನ್ನು ಲೆಕ್ಕ ಹಾಕ್ತವೆ. ಒಳ್ಳೇ ಅಂದಾಜೇ, ಆದರೂ ಅಂದಾಜು. ಬಾಲಿನ ಅಗಲ ಸುಮಾರು 7 ಸೆಂಟಿಮೀಟರ್, ಅದರಲ್ಲಿ ಅರ್ಧಕ್ಕಿಂತ ಕಡಿಮೆ ಸ್ಟಂಪಿಗೆ ತಾಗೋ ಹಾಗಿದ್ದರೆ ಕಂಪ್ಯೂಟರ್ ಮಾತಿಗಿಂತ ಅಂಪೈರ್ ಮೊದಲು ಹೇಳಿದ್ದೇ ಉಳಿಯಲಿ ಅನ್ನೋದು ನಿಯಮ. ನನಗಂತೂ ಇದು ನ್ಯಾಯ ಅನ್ನಿಸುತ್ತೆ. ಒಂದೇ ಬಾಲು ಒಬ್ಬ ಅಂಪೈರಿಗೆ ಔಟು, ಇನ್ನೊಬ್ಬರಿಗೆ ನಾಟೌಟು ಆಗೋದು ನೋಡೋಕೆ ಕಿರಿಕಿರಿ, ಒಪ್ತೀನಿ.

2011ರ ವಿಶ್ವಕಪ್ಪಿನ ಮೊಹಾಲಿ ಸೆಮಿಫೈನಲ್ ಬೇರೆ ಕಥೆ. ಪಾಕಿಸ್ತಾನದ ಸಯೀದ್ ಅಜ್ಮಲ್ ಬಾಲಿಗೆ ಅಂಪೈರ್ ಔಟ್ ಕೊಟ್ಟರು, ಸಚಿನ್ ರಿವ್ಯೂ ಕೇಳಿದರು, ಬಾಲು ಲೆಗ್ ಸ್ಟಂಪ್ ಬಿಟ್ಟು ಹೋಗ್ತಿದೆ ಅಂತ ಬಂತು. ಅವರು 85 ಹೊಡೆದರು, ಭಾರತ 29 ರನ್ನಿಂದ ಗೆದ್ದಿತು. ಗೋಲ್‌ಮಾಲ್ ಅಂತ ಗಡಿಯಾಚೆ ಇವತ್ತಿಗೂ ಹೇಳೋರಿದ್ದಾರೆ. ನಮ್ಮ ಬೋರ್ಡಿಗೆ ಯಂತ್ರದ ಮೇಲೆ ಅಷ್ಟು ಹಿಡಿತ ಇದ್ದಿದ್ದರೆ, ತನ್ನ ಸರಣಿಗಳಿಗೆ ಡಿಆರ್‌ಎಸ್, ಅಂದರೆ ಈ ರಿವ್ಯೂ ಪದ್ಧತಿ, ಬೇಡವೇ ಬೇಡ ಅಂತ 2016ರವರೆಗೆ ಯಾಕೆ ಹಟ ಹಿಡೀತಿತ್ತು? ಇನ್ನೊಂದು ತಮಾಷೆ: ಟಿವಿ ರೀಪ್ಲೇ ನೋಡಿ ಮೂರನೇ ಅಂಪೈರ್ ಮೊಟ್ಟಮೊದಲು ಔಟ್ ಕೊಟ್ಟಿದ್ದು ಇದೇ ಸಚಿನ್‌ಗೆ. 1992ರ ನವೆಂಬರ್, ಡರ್ಬನ್, ಜಾಂಟಿ ರೋಡ್ಸ್ ಎಸೆತಕ್ಕೆ ರನೌಟ್.

ಪ್ರಶ್ನೆ: ನಮ್ಮ ಜಮೀನು ಅಳೆಯೋಕೆ ಸರ್ವೇಯವರು ಮೂರು ಕಾಲಿನ ಮಿಷನ್ ತಂದಿದ್ದರು. ನೀರಜ್ ಚೋಪ್ರಾ ಮ್ಯಾಚಲ್ಲೂ ಅಂಥದ್ದೇ ಕಂಡೆ. ಎರಡೂ ಒಂದೇನಾ?
— ರೈತರು, ಮಾಲೂರು

ಉತ್ತರ: ಒಂದೇ ಜಾತಿ. ಭಲೇ ಕಣ್ಣು ನಿಮ್ಮದು! ಜಾವೆಲಿನ್ ನೆಲಕ್ಕೆ ತಾಗಿದ ಜಾಗದಲ್ಲಿ ಒಬ್ಬರು ಗಾಜಿನ ಪ್ರಿಸಂ ಇರೋ ಕೋಲು ನೆಡ್ತಾರೆ, ಮಿಷನ್ ಅದಕ್ಕೆ ಬೆಳಕು ಬಿಟ್ಟು ವಾಪಸ್ ಬಂದಿದ್ದರಿಂದ ದೂರ ಮತ್ತು ಕೋನ ತೆಗೆಯುತ್ತೆ, ಉಳಿದಿದ್ದು ತ್ರಿಕೋನದ ಲೆಕ್ಕ. ಟೋಕಿಯೋದ 87.58 ಮೀಟರ್ ಆಗಲಿ, 2025ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಗೆದ್ದ 86.18 ಆಗಲಿ, ಟೇಪು ಎಳೆಯೋ ಕೆಲಸ ಇಲ್ಲ. ಸೆಂಟಿಮೀಟರಿಗಿಂತ ಸಣ್ಣದು ಬಂದರೆ ಬಿಟ್ಟುಬಿಡ್ತಾರೆ. ನಿಮ್ಮ ಬದುವಿನ ಜಗಳದಲ್ಲಿ ಯಾರೂ ಹಾಗೆ ಬಿಡಲ್ಲ, ಗೊತ್ತು.

ಪ್ರಶ್ನೆ: ಕಪಿಲ್ ದೇವ್ 1983ರಲ್ಲಿ ಜಿಂಬಾಬ್ವೆ ಮೇಲೆ ಹೊಡೆದ 175 ಯೂಟ್ಯೂಬಲ್ಲಿ ಎಷ್ಟು ಹುಡುಕಿದರೂ ಸಿಗ್ತಿಲ್ಲ. ಮೊಮ್ಮಗ ಸರಿಯಾಗಿ ಹುಡುಕ್ತಿಲ್ಲ ಅಂತ ನನ್ನ ಅನುಮಾನ.
— ನಿವೃತ್ತ ಗಣಿ ನೌಕರರು, ಕೆಜಿಎಫ್

ಉತ್ತರ: ಮೊಮ್ಮಗನನ್ನು ಬಯ್ಯಬೇಡಿ ಯಜಮಾನರೇ. ಜೂನ್ 18ರ ಆ ಮ್ಯಾಚ್ ಟಿವಿಯಲ್ಲಿ ಬರಲೇ ಇಲ್ಲ, ಬಿಬಿಸಿಯಲ್ಲಿ ಅವತ್ತು ಮುಷ್ಕರ ಇತ್ತು ಅಂತಾರೆ. 17ಕ್ಕೆ 5 ಬಿದ್ದಿದ್ದು, ನಮ್ಮ ಕಿರ್ಮಾನಿ 24 ಹೊಡೆದು ಕೊನೆವರೆಗೂ ಜೊತೆಗೆ ನಿಂತು ಮುರಿಯದ ಒಂಬತ್ತನೇ ವಿಕೆಟ್‌ಗೆ 126 ಸೇರಿಸಿದ್ದು, ಯಾವುದೂ ಟಿವಿಯಲ್ಲಿ ಬರಲಿಲ್ಲ. ಏಳು ದಿನ ಬಿಟ್ಟು ನಡೆದ ಫೈನಲ್ ಸಿಗುತ್ತೆ. ಕಪಿಲ್ ಹಿಂದಕ್ಕೆ ಓಡಿ ರಿಚರ್ಡ್ಸ್ ಕ್ಯಾಚ್ ಹಿಡಿದಿದ್ದು ಅದರಲ್ಲೇ ಇದೆ, ಅದನ್ನು ಹಾಕಿಕೊಡೋಕೆ ಹೇಳಿ.