ಅಲುಗದ ಶೂಟಿಂಗ್ ಬೆಂಚು

ಪ್ರಶ್ನೆ: ನಾವಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಊರಾಚೆಯ ಸ್ವಂತ ಜಮೀನಿನಲ್ಲಿ. ರೈಫಲ್ ಅಭ್ಯಾಸಕ್ಕೆ ಇಟ್ಟ ಮರದ ಮೇಜು ಅಲುಗಾಡುತ್ತದೆ. ಕಾಂಕ್ರೀಟ್ ಬೆಂಚು ಹೇಗೆ ಕಟ್ಟಲಿ ಸಾರ್?

ಉತ್ತರ: ಕಟ್ಟಿ, ಆದರೆ ಗುಂಡು ತಡೆಯುವ ಮಣ್ಣಿನ ದಿಬ್ಬ ಮೊದಲು ಆಗಲಿ. ಬೆಂಚಿನ ಕಾಲುಗಳಿಗೆ ಬೇರೆಯೇ ಅಡಿಪಾಯ ಹಾಕಿ, ನೆಲದ ಕಾಂಕ್ರೀಟಿಗೂ ಅದಕ್ಕೂ ನಡುವೆ ಸಂದು ಬಿಡಿ. ಇಲ್ಲದಿದ್ದರೆ ಪಕ್ಕದಲ್ಲಿ ಯಾರಾದರೂ ಸುಮ್ನೆ ಓಡಾಡಿದರೂ ಆ ಅದುರು ಬಂದೂಕಿಗೆ ತಲುಪುತ್ತದೆ. ಕೂರುವ ಸ್ಟೂಲೂ ಬೆಂಚಿಗೆ ಅಂಟಿರಬಾರದು. ಮೇಲಿನ ಕಾಂಕ್ರೀಟ್ ಹಲಗೆ 4 ಇಂಚು ದಪ್ಪ ಸಾಕು. ಅದರೊಳಗಿನ ಕಬ್ಬಿಣದ ಕಂಬಿ ಕೆಳಭಾಗದಲ್ಲಿ ಬರಲಿ, ಕಾಲಿನಿಂದಾಚೆ ಚಾಚಿದ ಕಡೆ ಮಾತ್ರ ಮೇಲ್ಭಾಗದಲ್ಲಿ, ಏಕೆಂದರೆ ಅಲ್ಲಿ ಬಿರುಕು ಮೇಲಿನಿಂದಲೇ ಶುರುವಾಗುತ್ತದೆ. ಟೆಕ್ಸಾಸ್ ಬಿಸಿಲು ಜಾಸ್ತಿ ಅಲ್ವಾ, 7 ದಿನ ಒದ್ದೆ ಗೋಣಿ ಹೊದಿಸಿ. 28 ದಿನ ಭಾರ ಹೇರಬೇಡಿ.