ಓದುಗರ ಪ್ರಶ್ನೆ: ಚುಕ್ಕೆ ನೋಡಿ ಬಗೆ ಹೇಳುವುದು ಹೇಗೆ?

ಪ್ರಶ್ನೆ: ಮೇಡಂ, ಎಲ್ಲೋ ದೂರದ ಗೆಲಾಕ್ಸಿಯಲ್ಲಿ ನಕ್ಷತ್ರ ಸಿಡಿದರೆ ಎರಡೇ ದಿನದಲ್ಲಿ ‘ಇದು ಒಂದು-ಎ ಬಗೆಯ ಸೂಪರ್‌ನೋವಾ’, ‘ಇದು ಎರಡನೆಯ ಬಗೆಯದು’ ಎಂದು ಸುದ್ದಿ ಬರುತ್ತದೆ. ದೊಡ್ಡ ದೂರದರ್ಶಕದಲ್ಲೂ ಅದು ಬರೀ ಚುಕ್ಕೆ. ಚುಕ್ಕೆ ನೋಡಿ ಬಗೆ ಹೇಳುವುದಕ್ಕೂ ಕೈ ನೋಡಿ ಭವಿಷ್ಯ ಹೇಳುವುದಕ್ಕೂ ಏನು ವ್ಯತ್ಯಾಸ?
– ಒಬ್ಬ ಓದುಗ, ಸಾಗರ

ಉತ್ತರ: ಚುಕ್ಕೆಯನ್ನು ನೋಡಿ ಯಾರೂ ಹೇಳುವುದಿಲ್ಲ, ಹತ್ತಿ ಹಿಂಜಿದ ಹಾಗೆ ಅದರ ಬೆಳಕನ್ನು ಹಿಂಜಿ ನೋಡಿ ಹೇಳುತ್ತಾರೆ. ಸಾರು ಉಕ್ಕಿ ಒಲೆಗೆ ಬಿದ್ದಾಗ ಗ್ಯಾಸಿನ ನೀಲಿ ಜ್ವಾಲೆ ಥಟ್ಟನೆ ಹಳದಿಯಾಗುವುದನ್ನು ನೀವು ಕಂಡಿರಬೇಕು. (ಕಂಡಿಲ್ಲವೆಂದರೆ ಅಡುಗೆಮನೆಗೆ ಹೋಗುವ ಅಭ್ಯಾಸ ಮಾಡಿಕೊಳ್ಳಿ.) ಆ ಹಳದಿ ಉಪ್ಪಿನ ಸೋಡಿಯಂನದು, ತರಂಗಾಂತರ 589 ನ್ಯಾನೋಮೀಟರ್. ಸಾರನ್ನು ಮೂಸಿಯೂ ನೋಡದೆ ಅದರಲ್ಲಿ ಉಪ್ಪಿದೆ ಎಂದು ಹೇಳಿಬಿಡಬಹುದು. ಒಂದೊಂದು ಧಾತುವಿಗೂ ಹೀಗೆ ತನ್ನದೇ ಗೆರೆಗಳಿವೆ. ದೂರದರ್ಶಕ ಹಿಡಿದ ಬೆಳಕನ್ನು ಸಣ್ಣ ಸೀಳಿನ ಮೂಲಕ ಹಾಯಿಸಿ, ಬಣ್ಣ ಬಣ್ಣವಾಗಿ ಹರಡಿ, ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ನೋಡುತ್ತಾರೆ. ಆ ಹರಡಿದ ಬೆಳಕೇ ರೋಹಿತ.

1941ರಲ್ಲಿ ಖಗೋಳ ವಿಜ್ಞಾನಿ ರುಡಾಲ್ಫ್ ಮಿಂಕೋವ್ಸ್ಕಿ ತನ್ನ ಬಳಿಯಿದ್ದ ಹದಿನಾಲ್ಕು ಸೂಪರ್‌ನೋವಾಗಳ ರೋಹಿತಗಳನ್ನು ಎರಡು ಗುಂಪು ಮಾಡಿದ. ಒಂಬತ್ತರಲ್ಲಿ ಹೈಡ್ರೋಜನ್ ಗೆರೆ ಇಲ್ಲ, ಅವು ಒಂದನೆಯ ಬಗೆ. ಐದರಲ್ಲಿ ಇದೆ, ಅವು ಎರಡನೆಯ ಬಗೆ. ಜಗತ್ತಿನಲ್ಲಿ ಹೇರಳವಾಗಿರುವ ಧಾತುವೇ ಕಾಣಿಸದಿದ್ದರೆ ಅದೂ ಒಂದು ಸುಳಿವೇ. ಆಮೇಲೆ ಒಂದನೆಯ ಬಗೆಯಲ್ಲೇ ಕವಲುಗಳು ಒಡೆದವು. ಸಿಲಿಕಾನ್ ಎದ್ದು ಕಂಡರೆ ಒಂದು-ಎ, ಹೀಲಿಯಂ ಕಂಡರೆ ಒಂದು-ಬಿ, ಎರಡೂ ಇಲ್ಲದಿದ್ದರೆ ಒಂದು-ಸಿ. ಒಂದು-ಎ ಎಂದರೆ ಶ್ವೇತಕುಬ್ಜವೊಂದು, ಅಂದರೆ ಇಂಧನ ಮುಗಿದ ನಕ್ಷತ್ರದ ಕುಗ್ಗಿ ಉಳಿದ ತಿರುಳು, ಬುಡಸಮೇತ ಸ್ಫೋಟಿಸಿದ್ದು. ಉಳಿದವೆಲ್ಲ ದೈತ್ಯ ನಕ್ಷತ್ರಗಳ ಒಡಲು ಕುಸಿದದ್ದು. ಬಿ ಮತ್ತು ಸಿ ಸಾಯುವ ಮೊದಲೇ ಮೈಮೇಲಿನ ಹೊದಿಕೆ ಕಳೆದುಕೊಂಡವು.

ಸಿಲಿಕಾನಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ನನಗೆ ಇಷ್ಟವಾದ ಭಾಗ ಅದು. ಪ್ರಯೋಗಶಾಲೆಯಲ್ಲಿ ಸಿಲಿಕಾನಿನ ಆ ಗೆರೆ 635.5 ನ್ಯಾನೋಮೀಟರಿನಲ್ಲಿರುತ್ತದೆ. ಸೂಪರ್‌ನೋವಾದ ರೋಹಿತದಲ್ಲಿ ತಗ್ಗು ಕಾಣುವುದು ಸುಮಾರು 615ರಲ್ಲಿ. ಲೆಕ್ಕ ತಪ್ಪಿಲ್ಲ. ಬೆಳಕನ್ನು ಹೀರುವ ಅನಿಲ ನಮ್ಮ ಕಡೆಗೇ ನುಗ್ಗಿ ಬರುತ್ತಿರುವುದರಿಂದ ಗೆರೆ ನೀಲಿಯ ಕಡೆಗೆ ಸರಿದಿದೆ. ಸರಿದದ್ದು ಶೇಕಡ ಮೂರಕ್ಕಿಂತ ತುಸು ಹೆಚ್ಚು. ಬೆಳಕಿನ ವೇಗದ ಅಷ್ಟೇ ಪಾಲು ತೆಗೆಯಿರಿ, ಸೆಕೆಂಡಿಗೆ ಹೆಚ್ಚುಕಡಿಮೆ ಹತ್ತು ಸಾವಿರ ಕಿಲೋಮೀಟರ್. ಒಂದು ತಗ್ಗಿನಿಂದ ಧಾತು, ಬಗೆ, ವೇಗ ಮೂರೂ ಸಿಕ್ಕವು. ಯಾವ ಹಸ್ತಸಾಮುದ್ರಿಕನಿಗೆ ಇದು ಸಾಧ್ಯ, ಹೇಳಿ?

ಇದನ್ನು ಕಣ್ಣಾರೆ ಕಾಣಬೇಕೆಂದು ಕೆಲವು ವರ್ಷಗಳ ಹಿಂದೆ ಹೊಸಕೋಟೆಗೆ ಹೋಗಿದ್ದೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಕೇಂದ್ರದಿಂದ. ಪರದೆಯ ಮೇಲೆ ಬೂದು ಬಣ್ಣದ ಪಟ್ಟಿ, ಅದರ ಉದ್ದಕ್ಕೂ ಕೂದಲೆಳೆಯಂಥ ಒಂದು ಬಿಳಿ ಗೀಟು, ಅಡ್ಡಡ್ಡಲಾಗಿ ದಪ್ಪ ಪ್ರಕಾಶದ ಗೆರೆಗಳು. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದ ಗತ್ತಿನಲ್ಲಿ ನಾನು ಒಂದು ಗೆರೆಗೆ ಬೆರಳಿಟ್ಟು ‘ಹೈಡ್ರೋಜನ್!’ ಎಂದೆ. ಪಕ್ಕದಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ಮೆಲ್ಲಗೆ, ‘ಮೇಡಂ, ಅದು ನಮ್ಮ ವಾಯುಮಂಡಲದ ಆಮ್ಲಜನಕ, ಆಕಾಶದ್ದೇ ಹೊಳಪು. ಸೂಪರ್‌ನೋವಾ ಎಂದರೆ ಆ ತೆಳು ಗೀಟು’ ಎಂದಳು. ಮೊದಲು ಆಕಾಶದ ಬೆಳಕನ್ನು ಕಳೆಯಬೇಕು. ಕಬ್ಬಿಣ-ಆರ್ಗಾನ್ ದೀಪವನ್ನು ಉರಿಸಿ ಅದರ ಗೊತ್ತಿರುವ ಗೆರೆಗಳನ್ನೇ ಅಳತೆಪಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಹಳೆಯ ಸೂಪರ್‌ನೋವಾಗಳ ರೋಹಿತಗಳ ಸಂಗ್ರಹದೊಂದಿಗೆ ಕಂಪ್ಯೂಟರಿನಲ್ಲಿ ಹೋಲಿಸಬೇಕು. ಯಾವುದಕ್ಕೆ ಚೆನ್ನಾಗಿ ಹೊಂದುತ್ತದೋ ಅದು ಬಗೆಯನ್ನಷ್ಟೇ ಅಲ್ಲ, ಸಿಡಿದು ಎಷ್ಟು ದಿನವಾಯಿತು ಎಂಬುದನ್ನೂ ತಿಳಿಸುತ್ತದೆ. ಅಲ್ಲಿಯವರೆಗೆ ಆ ಚುಕ್ಕೆಯ ಹೆಸರಿನ ಮುಂದೆ ‘ಎಟಿ’ (ಆಸ್ಟ್ರನಾಮಿಕಲ್ ಟ್ರಾನ್ಸಿಯೆಂಟ್, ಆಕಾಶದಲ್ಲಿ ತಾತ್ಕಾಲಿಕವಾಗಿ ಕಂಡದ್ದು) ಎಂದಷ್ಟೇ ಇರುತ್ತದೆ, ಬಗೆ ಗೊತ್ತಾದ ಮೇಲೆ ‘ಎಸ್‌ಎನ್’, ಅಂದರೆ ಸೂಪರ್‌ನೋವಾ.

ಅವಸರವೇಕೆ ಎಂದರೆ, ಕೆಲವು ಗೆರೆಗಳು ಕಾಯುವುದಿಲ್ಲ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಎಂ 101 ಗೆಲಾಕ್ಸಿಯಲ್ಲಿ ಹೊಸ ಚುಕ್ಕೆ ಕಂಡರು. ನಮ್ಮ ಸಪ್ತರ್ಷಿ ಮಂಡಲದ ಬಾಲದಲ್ಲಿ ಮರೀಚಿ ಮತ್ತು ವಸಿಷ್ಠರೊಡನೆ ತ್ರಿಕೋನ ಮಾಡುವ ಗೆಲಾಕ್ಸಿ ಅದು. ಕೆಲವೇ ಗಂಟೆಗಳಲ್ಲಿ ಲಾ ಪಾಲ್ಮಾ ದ್ವೀಪದ ಲಿವರ್‌ಪೂಲ್ ದೂರದರ್ಶಕ ರೋಹಿತ ತೆಗೆಯಿತು: ಹೈಡ್ರೋಜನ್, ಹೀಲಿಯಂ, ಕಾರ್ಬನ್, ನೈಟ್ರೋಜನ್. ಎರಡನೆಯ ಬಗೆ. ಆ ಗೆರೆಗಳು ಬಂದದ್ದು ನಕ್ಷತ್ರ ಸಾಯುವ ಮುನ್ನ ತನ್ನ ಸುತ್ತ ಉಗುಳಿದ್ದ ಅನಿಲದಿಂದ. ಸ್ಫೋಟದ ಅಲೆ ಅದನ್ನು ನುಂಗುತ್ತಿದ್ದಂತೆ ಕೆಲವೇ ದಿನಗಳಲ್ಲಿ ಅವು ಅಳಿಸಿಹೋದವು. ತಡಮಾಡಿದ್ದರೆ ಸುಳಿವು ಕೈತಪ್ಪುತ್ತಿತ್ತು.

ಇನ್ನು ಪಂಗಡ ಬದಲಿಸುವ ಕಿಲಾಡಿಗಳೂ ಇವೆ. 1993ರಲ್ಲಿ ಎಂ 81 ಗೆಲಾಕ್ಸಿಯಲ್ಲಿ ಸಿಡಿದ ‘1993ಜೆ’ ಮೊದಲು ಹೈಡ್ರೋಜನ್ ತೋರಿಸಿ ಎರಡನೆಯ ಬಗೆ ಎನಿಸಿಕೊಂಡಿತು. ಕೆಲವು ವಾರಗಳಲ್ಲಿ ಹೀಲಿಯಂ ಗೆರೆಗಳು ಮೇಲೆದ್ದು ಒಂದು-ಬಿಯಂತೆ ಕಾಣತೊಡಗಿತು. ಅಂಥವನ್ನು ‘ಎರಡು-ಬಿ’ ಎನ್ನುತ್ತಾರೆ. ಹೆಸರಿಡುವ ಈ ಪದ್ಧತಿ ಅಚ್ಚುಕಟ್ಟಾಗಿದೆ ಎಂದು ನಾನೇನೂ ವಾದಿಸುವುದಿಲ್ಲ.

ಪ್ರಶ್ನೆ: ನನ್ನ ಬಳಿ ಎಂಟು ಅಂಗುಲದ ದೂರದರ್ಶಕವಿದೆ. ಮನೆಯಿಂದಲೇ ರೋಹಿತ ತೆಗೆಯಬಹುದೆ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಪ್ರಕಾಶಮಾನವಾದವನ್ನು ತೆಗೆಯಬಹುದು. ಮೇಲೆ ಹೇಳಿದ 2023ರ ಸೂಪರ್‌ನೋವಾ ಸುಮಾರು 11ನೇ ಕಾಂತಿಮಾನಕ್ಕೆ ಏರಿತ್ತು (ಕಾಂತಿಮಾನ ಹೊಳಪಿನ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಹೊಳಪು ಹೆಚ್ಚು), ಅಂಥದ್ದು ಎಂಟು ಅಂಗುಲಕ್ಕೆ ಎಟುಕುತ್ತದೆ. ಕ್ಯಾಮೆರಾದ ಮುಂದೆ ತಿರುಗಿಸಿ ಕೂರಿಸುವ, ಮಿಲಿಮೀಟರಿಗೆ ನೂರು ಗೀರುಗಳಿರುವ ಗಾಜಿನ ಜಾಲರಿ ಸಿಗುತ್ತದೆ, ಸಿ.ಡಿ.ಯ ಮೇಲೆ ಬಣ್ಣ ಹರಡುವುದೂ ಇದೇ ತತ್ವದಿಂದ. ಆದರೆ ಮೊದಲ ರಾತ್ರಿಯೇ ಸೂಪರ್‌ನೋವಾ ಹುಡುಕಲು ಹೋಗಬೇಡಿ, ಅಭಿಜಿತ್ ನಕ್ಷತ್ರಕ್ಕೆ ತಿರುಗಿಸಿ. ಅದರಲ್ಲಿ ಹೈಡ್ರೋಜನ್ ಗೆರೆಗಳು ಢಾಳಾಗಿ ಕಾಣುತ್ತವೆ. ಚಿತ್ರ ಬಂದರೆ ನನಗೊಂದು ಪ್ರತಿ ಕಳಿಸಿ. ಗೆರೆ ನಕ್ಷತ್ರದ್ದಲ್ಲ, ಬೀದಿದೀಪದ್ದು ಎಂದಾದರೆ ಮೆಲ್ಲಗೇ ಹೇಳುತ್ತೇನೆ.