ಏಳನೇ ತನಕ ಓದಿದ ತಾಯಿ ಮಗನಿಗೆ ಕಲಿಸಬಹುದೇ?

ಪ್ರಶ್ನೆ: ಅಕ್ಕಾ, ನಾವು ಸೇಡಂ ತಾಲ್ಲೂಕಿನ ಒಂದು ಹಳ್ಳಿಯವರು. ನಾನು ಏಳನೇ ತನಕ ಕನ್ನಡ ಶಾಲೆಯಲ್ಲಿ ಓದಿದ್ದೇನೆ. ಮನೆಯವರಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಆರು ವರ್ಷದ ಮಗ ಸೇಡಂನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದನೇ ತರಗತಿ. ಎಬಿಸಿಡಿ ಪಟಪಟ ಹೇಳುತ್ತಾನೆ, ನಡುವಿನ ಒಂದು ಅಕ್ಷರ ತೋರಿಸಿದರೆ ಸುಮ್ಮನಾಗುತ್ತಾನೆ. ಕೆಲವು ಅಕ್ಷರ ಉಲ್ಟಾ ಬರೆಯುತ್ತಾನೆ. ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಎಂದರು ಮಿಸ್. ನನಗೆ ಬರುವುದಿಲ್ಲ. ‘ನಿನಗೇನು ಗೊತ್ತು, ಟ್ಯೂಷನ್‌ಗೆ ಹಾಕೋಣ’ ಅಂತಾರೆ ಮನೆಯವರು. ಹೋದ ವಾರ ಹೋಂವರ್ಕ್ ಬರೆಸುವಾಗ ಸಿಟ್ಟು ಬಂದು ಸ್ಕೇಲಿನಿಂದ ಹೊಡೆದೆ. ಈಗ ನನ್ನನ್ನು ಕಂಡರೆ ಪಾಟಿಚೀಲ ಬಚ್ಚಿಡುತ್ತಾನೆ. ಅವನು ದಡ್ಡನೇ? ನಾನು ಕಲಿಸಲು ಹೋಗಿದ್ದೇ ತಪ್ಪೇ?

ಉತ್ತರ: ತಂಗಿ, ಮಗ ದಡ್ಡನಲ್ಲ. ನೀವು ಕಲಿಸಲು ಕೂತಿದ್ದೂ ತಪ್ಪಲ್ಲ. ಹೊಡೆದಿದ್ದು ತಪ್ಪು, ಅದು ನಿಮಗೂ ಗೊತ್ತಾಗಿಯೇ ಪತ್ರ ಬರೆದಿದ್ದೀರಿ. ಇವತ್ತೇ ಅವನನ್ನು ಹತ್ತಿರ ಕೂರಿಸಿಕೊಂಡು ‘ಹೊಡೆದದ್ದು ನನ್ನ ತಪ್ಪು, ಇನ್ನು ಓದಿನ ಸಲುವಾಗಿ ಹೊಡೆಯಂಗಿಲ್ಲ’ ಅಂತ ಹೇಳಿಬಿಡಿ. ಹೆದರಿದ ಮಗುವಿನ ಕಣ್ಣು ಅಕ್ಷರದ ಮೇಲೆ ನಿಲ್ಲುವುದಿಲ್ಲ, ಅಮ್ಮನ ಕೈ ಮೇಲೇ ಇರುತ್ತದೆ. ಆಮೇಲೆ ಒಂದೆರಡು ವಾರ ಅವನಿಂದ ಏನನ್ನೂ ಬರೆಸಬೇಡಿ. ಶಾಲೆಗೆ ಹೋಗಿ ಮಿಸ್‌ಗೆ ಹೇಳಿ: ಈ ಎರಡು ವಾರ ಹೋಂವರ್ಕ್ ಬೇಡ, ಆಮೇಲೂ ಪುಟಗಟ್ಟಲೆ ಬೇಡ, ಎರಡು ಸಾಲು ಸಾಕು. ತಾಯಿ ಬಂದು ಕೇಳಿಕೊಂಡರೆ ಬಹಳ ಮಂದಿ ಶಿಕ್ಷಕಿಯರು ಒಪ್ಪುತ್ತಾರೆ.

ನಿಮ್ಮ ಮಗ ಈಗ ಮಾತೇ ಬಾರದ ಭಾಷೆಯನ್ನು ಅಕ್ಷರದಲ್ಲಿ ಕಲಿಯಬೇಕಾಗಿದೆ. ಇಂಗ್ಲಿಷಿನಲ್ಲಿ ‘ಪುಟ್’ ಮತ್ತು ‘ಬಟ್’ ಎರಡರಲ್ಲೂ ನಡುವೆ ಇರುವುದು ಅದೇ ‘ಯು’, ದನಿ ಮಾತ್ರ ಬೇರೆ ಬೇರೆ. ಕನ್ನಡದಲ್ಲಿ ಬರೆದದ್ದನ್ನು ಹೆಚ್ಚುಕಡಿಮೆ ಹಾಗೇ ಓದಬಹುದು. ಅಕ್ಷರಕ್ಕೊಂದು ದನಿ ಇದೆ, ದನಿ ಕೂಡಿದರೆ ಮಾತಾಗುತ್ತದೆ ಎಂಬ ಗುಟ್ಟು ಒಮ್ಮೆ ತನ್ನ ಮಾತಿನಲ್ಲಿ ತಿಳಿದ ಮಗು ಅದನ್ನೇ ಇಂಗ್ಲಿಷಿಗೂ ಒಯ್ಯುತ್ತದೆ. ಅದಕ್ಕೇ ಹೇಳುತ್ತೇನೆ, ಶಾಲೆ ಯಾವ ಮೀಡಿಯಂ ಆದರೂ ಇರಲಿ, ಮನೆಯಲ್ಲಿ ಮೊದಲು ಕನ್ನಡ ಓದಲು ಕಲಿಸಿ. ಅದಕ್ಕೆ ನಿಮ್ಮ ಏಳನೇ ತರಗತಿ ಧಾರಾಳ ಸಾಕು. ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲೇ ಕಲಿಸಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಮನೆಯವರಿಗೆ ಇದನ್ನು ತಿಳಿಸಿ.

ಎಲ್ಲಿಂದ ಶುರು ಮಾಡುವುದು? ಅ ಆ ಇ ಈ ಸಾಲಿನಿಂದ ಬೇಡ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಕಲಿಕೆ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರ. ಆದರೆ ಅಷ್ಟರಲ್ಲೇ ಸರ, ರಸ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಕಲಿಯಲು ಕೂತ ವಾರದಲ್ಲೇ ‘ನನಗೆ ಓದಲು ಬರ್ತದ’ ಎನ್ನುವ ಧೈರ್ಯ ಬಂದರೆ ಮಗು ಪಾಟಿಚೀಲ ಬಚ್ಚಿಡುವುದಿಲ್ಲ. ಆಮೇಲೆ ಜ, ವ, ಮ, ಬ, ನ. ಮರ, ಜನ, ಗಜ, ನಗರ. ಗೋಡೆಯ ಮೇಲೆ ಬಸವಣ್ಣನ ಫೋಟೋ ಇದ್ದರೆ ಅದರ ಕೆಳಗೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ‘ಬಸವ’ ಎಂದು ಬರೆದುಬಿಡಿ, ತಾನೇ ಕೂಡಿಸಿ ಓದುತ್ತಾನೆ. ಕಾಗುಣಿತ, ಒತ್ತಕ್ಷರಕ್ಕೆ ಅವಸರ ಮಾಡಬೇಡಿ. ಅವು ಕನ್ನಡದ ಮಕ್ಕಳಿಗೆ ಪೂರ್ತಿ ಕೈವಶವಾಗಲು ಕೆಲವು ವರ್ಷವೇ ಹಿಡಿಯುತ್ತದೆ, ಅದು ಸಹಜ.

ನಿಮ್ಮ ಮನೆಯ ನೆಲ ಪರಸಿ ಕಲ್ಲಿನದೇ ಇರಬೇಕು. ಅದಕ್ಕಿಂತ ಒಳ್ಳೆಯ ಪಾಟಿ ಯಾವುದಿದೆ? ಎರಡು ವಾರ ಕಳೆದ ಮೇಲೆ ಖಡು ಕೊಟ್ಟು ಮೊಳದುದ್ದದ ‘ರ’ ತಿದ್ದಲು ಹೇಳಿ. ತೋಳು ಪೂರ್ತಿ ತಿರುಗಲಿ. ಇಷ್ಟು ಸಣ್ಣ ಬೆರಳಿಗೆ ನೋಟ್‌ಬುಕ್ಕಿನ ಸಣ್ಣ ಗೆರೆ ನಡುವೆ ಪೆನ್ಸಿಲ್ ಹಿಡಿದು ಬರೆಯುವುದು ಕಷ್ಟ. ತಪ್ಪಾದರೆ ಒದ್ದೆ ಅರಿವೆಯಿಂದ ಒರೆಸಿದರಾಯಿತು, ಕೆಂಪು ಶಾಯಿಯ ಗುರುತು ಇರುವುದಿಲ್ಲ.

ಇನ್ನೊಂದು ಕೆಲಸ ನನಗೆ ಬಹಳ ಮುಖ್ಯ ಅನಿಸುತ್ತದೆ. ದಿನಾ ರಾತ್ರಿ ಅವನು ಹೇಳಿದ ಒಂದು ಮಾತನ್ನು ಅವನೆದುರೇ ದೊಡ್ಡದಾಗಿ ಬರೆಯಿರಿ. ‘ಮುತ್ಯಾ ಹೊಲಕ್ಕ ಹೋಗ್ಯಾನ’ ಎಂದರೆ ಹಾಗೇ ಬರೆಯಿರಿ, ‘ಹೋಗಿದ್ದಾನೆ’ ಎಂದು ತಿದ್ದಬೇಡಿ. ಬೆರಳಿಟ್ಟು ಇಬ್ಬರೂ ಓದಿ. ತಾನು ಆಡಿದ ಮಾತೇ ಹಾಳೆಯ ಮೇಲೆ ಕೂತಿದ್ದು ಕಂಡಾಗ ಮಗುವಿಗೆ ಓದು ಎಂದರೇನು ಎಂಬುದು ತಿಳಿಯುತ್ತದೆ. ಪುಸ್ತಕದ ಕನ್ನಡ ಆಮೇಲೆ ಕತೆ ಕೇಳುತ್ತ ಕೇಳುತ್ತ ಬರುತ್ತದೆ.

ರೊಟ್ಟಿ ಬಡಿಯುವಾಗ ಕಲಿಸಲು ಪುಸ್ತಕವೇ ಬೇಡ. ‘ಬ ಅಂತ ಶುರು ಆಗೋದು ಅಡುಗೆ ಮನ್ಯಾಗ ಏನೇನ ಅದ?’ ಎಂದು ಕೇಳಿ. ಬ್ಯಾಳಿ, ಬೆಲ್ಲ, ಬಳ್ಳೊಳ್ಳಿ. ದನಿಯನ್ನು ಕಿವಿಯಿಂದ ಬೇರ್ಪಡಿಸಲು ಬರುವ ಮಗುವಿಗೆ ಓದು ಬೇಗ ಹತ್ತುತ್ತದೆ. ಅತ್ತೆಯವರಿಗೆ ಅಕ್ಷರ ಬಾರದಿದ್ದರೂ ಅವರ ಕತೆ, ಒಡಪು ಇದೇ ಕೆಲಸ ಮಾಡುತ್ತವೆ, ಅವರಿಗೂ ಪಾಲು ಕೊಡಿ. ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ, ಅವನನ್ನು ಕರೆದೊಯ್ಯಿರಿ. 2020ರ ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಫೋನಿನಲ್ಲಿ ಸ್ಟೋರಿವೀವರ್ ತಾಣ ತೆರೆದರೆ ಕನ್ನಡದ ಚಿತ್ರಕತೆಗಳು ಬಿಟ್ಟಿ ಸಿಗುತ್ತವೆ.

ಉಲ್ಟಾ ಬರೆಯುವುದಕ್ಕೆ ಹೆದರಬೇಡಿ. ಆರೇಳು ವರ್ಷದ ತನಕ ಎಷ್ಟೋ ಮಕ್ಕಳು ಹಾಗೆ ಬರೆಯುತ್ತಾರೆ. ಆದರೆ ಹಿಂದಿನಿಂದ ಕರೆದರೆ ಕೇಳಿಸುವುದಿಲ್ಲವೇ, ಪುಸ್ತಕವನ್ನು ಮೂಗಿಗೆ ಹಿಡಿಯುತ್ತಾನೆಯೇ, ನೋಡಿ. ಹಾಗಿದ್ದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಕಣ್ಣು, ಕಿವಿ ತಪಾಸಣೆ ಮಾಡಿಸಿ. ಎಂಟು ವರ್ಷದ ಹೊತ್ತಿಗೂ ದಿನಾ ಕಲಿಸಿದರೂ ಅಕ್ಷರ ಕೂಡಿಸಲು ಬಾರದಿದ್ದರೆ ಕಲಿಕೆಯ ತೊಂದರೆ ಇದೆಯೇ ಎಂದು ಮಕ್ಕಳ ತಜ್ಞರನ್ನು ಕೇಳಬೇಕು. ಈಗಲೇ ಆ ಮಾತು ಬೇಡ. ದೇಶದ ನಿಪುಣ್ ಭಾರತ್ ಕಾರ್ಯಕ್ರಮವೇ ಅರ್ಥಮಾಡಿಕೊಂಡು ಓದಲು ಮೂರನೇ ತರಗತಿ ಮುಗಿಯುವ ತನಕ ಸಮಯ ಕೊಟ್ಟಿದೆ.

ಟ್ಯೂಷನ್ ಸದ್ಯಕ್ಕೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ದಿನವಿಡೀ ಶಾಲೆಯಲ್ಲಿ ಕೂತು ಬಂದ ಆರು ವರ್ಷದ ಮಗುವನ್ನು ಮತ್ತೆ ಕೂರಿಸಿ ಹೋಂವರ್ಕ್ ಮುಗಿಸಿದರೆ ನೋಟ್‌ಬುಕ್ ತುಂಬೀತು, ಓದು ಬಾರದು. ಮನೆಯವರಿಗೂ ಒಂದು ಕೆಲಸ ವಹಿಸಿ. ರಜೆಯ ದಿನ ಮಗನನ್ನು ಸೇಡಂ ಬಸ್‌ಸ್ಟ್ಯಾಂಡಿಗೆ ಕರೆದೊಯ್ದು ಬಸ್ಸಿನ ಬೋರ್ಡುಗಳಲ್ಲಿ ತನಗೆ ಗೊತ್ತಿರುವ ಅಕ್ಷರ ಹುಡುಕಲು ಹೇಳಲಿ. ಕಲಬುರಗಿಯಲ್ಲಿ ರ, ಯಾದಗಿರಿಯಲ್ಲಿ ದ ಸಿಗುತ್ತವೆ. ಎರಡು ತಿಂಗಳು ಹೀಗೆ ಮಾಡಿ, ಅವನು ಏನೇನು ಓದಿದ ಎಂದು ನನಗೆ ಬರೆಯಿರಿ.